ಓಬುಲೇಶನ ಪರವೂರಿನ ಪಂದ್ಯಗಳು

ಎಂಟು ದಿನಕ್ಕೆಂದು ತವರಿಗೆ ಹೋದ ಹೆಂಡತಿ ಇಪ್ಪತ್ತೊಂದನೆಯ ದಿನವೂ ಬರದಿದ್ದರೆ ಗಂಡನಾದವನು ಏನು ಮಾಡಬೇಕು? ರಾಯದುರ್ಗದ ಓಬುಲೇಶ್ ಬೇಸ್‌ಬಾಲ್ ಆಡಿದ.

ಆಡಿದ ಅಂದರೆ ಮೈದಾನದಲ್ಲಿ ಓಡಿದ ಎಂದಲ್ಲ. ಹನ್ನೆರಡು ಹೊಲಿಗೆ ಮಿಷಿನ್ನಿನ ಜೀನ್ಸ್ ಯೂನಿಟ್ಟಿನ ಮಾಲೀಕ ಅವನು. ಮೆಟ್ಟಿಲು ಹತ್ತುವಾಗಲೇ ಮಧ್ಯದಲ್ಲಿ ನಿಂತು ಗೋಡೆಯ ಸುಣ್ಣ ಪರೀಕ್ಷಿಸುವ ಅಭ್ಯಾಸದವನು. ಅವನದು ಫೋನಿನ ಬೇಸ್‌ಬಾಲ್. ಹಿಂದಿನ ವರ್ಷ ಯಾವನೋ ಏಜೆಂಟು ಬಂದು, "ಬೇಸ್‌ಬಾಲ್ ಪ್ಯಾಂಟು ಎರಡು ಸಾವಿರ ಹೊಲೀಬೇಕ್ರಿ" ಎಂದಿದ್ದ. ಆ ಪ್ಯಾಂಟು ತೊಟ್ಟವರು ಎಲ್ಲಿ ಬಗ್ಗುತ್ತಾರೆ, ಎಲ್ಲಿ ಬೀಳುತ್ತಾರೆ, ಎಲ್ಲಿ ಹರಿಯುತ್ತದೆ ಎಂದು ಮೊದಲು ತಿಳಿಯಬೇಕಲ್ಲ (ವ್ಯಾಪಾರವೆಂದರೆ ಸುಮ್ಮನೆಯೇ?) ಎಂದು ಓಬುಲೇಶ್ ಫೋನು ಹಿಡಿದ. ಆರ್ಡರು ಬರಲಿಲ್ಲ. ಏಜೆಂಟೂ ಮತ್ತೆ ಕಾಣಲಿಲ್ಲ. ಆಟ ಮಾತ್ರ ಅಂಟಿಕೊಂಡಿತು.

ಬೆವರಿಲ್ಲದ ಆಟ ಅದು. ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಪಂದ್ಯವನ್ನು ಕಂಪ್ಯೂಟರೇ ಆಡಿ ಮುಗಿಸುತ್ತದೆ. ಯಾರು ಚೆಂಡೆಸೆಯಬೇಕು, ಯಾರಾದ ಮೇಲೆ ಯಾರು ಬ್ಯಾಟು ಹಿಡಿಯಬೇಕು ಎಂದು ತಂಡದ ಯಜಮಾನ ಮುಂಚೆಯೇ ಆರಿಸಿಟ್ಟರೆ ಸಾಕು. ಆಟಗಾರರಿಗೆ ಬೇಕಾದ ಹೆಸರಿಡಬಹುದು. ಹೆಂಡತಿಯ ಕಡೆಯವರಿಂದ ಕೆಲಸ ತೆಗೆಯುವ ಭಾಗ್ಯ ಜೀವಮಾನದಲ್ಲಿ ಇನ್ನೆಲ್ಲಿ ಸಿಕ್ಕೀತು? ಮಾವ ದೊಡ್ಡರಂಗಪ್ಪನ ಕೈಗೆ ಬ್ಯಾಟು ಕೊಟ್ಟ. ಭಾಮೈದ ಚಿರಂಜೀವಿಯನ್ನು ಓಡಿಸಿದ. ಅತ್ತೆ ಕೆಂಪಕ್ಕನನ್ನು ಮಾತ್ರ ಇಡೀ ವರ್ಷ ಬೆಂಚಿನ ಮೇಲೇ ಕೂರಿಸಿದ್ದ. (ಅವರಿಗೆ ಕೆಲಸ ಹೇಳುವ ಧೈರ್ಯ ಫೋನಿನಲ್ಲೂ ಬರಲಿಲ್ಲ.)

ಹೆಂಡತಿ ನಾಗಲಕ್ಷ್ಮಿ ಬ್ಯಾಗು ಹಿಡಿದು ತವರೂರು ಗುಡಿಬಂಡೆಗೆ ಹೋದಳಲ್ಲ, ಅದರ ಮಾರನೆಯ ದಿನ ತಂಡದ ಅತ್ಯುತ್ತಮ ಚೆಂಡೆಸೆಯುವ ಆಟಗಾರನ ಹೆಸರು ಅಳಿಸಿ ಅವಳ ಹೆಸರು ಬರೆದ. ಫೋನಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ಬರುತ್ತಿತ್ತು. ಹೆಸರು ಗುರುತು ಹಿಡಿಯುವಷ್ಟು ಇಂಗ್ಲಿಷು ಅವನಿಗಿತ್ತು. ಅವಳ ಸರದಿ ಬಂದ ದಿನ 'ನಾಗಲಕ್ಷ್ಮಿ ಮೈದಾನಕ್ಕೆ ಬಂದಳು' ಎಂಬ ಆ ಒಂದು ಸಾಲು ಓದಿದರೆ, ಖಾಲಿ ಅಡುಗೆಮನೆಯಲ್ಲಿ ಯಾರೋ ಬಳೆ ಸರಿಸಿಕೊಂಡ ಹಾಗೆ ಆಗುತ್ತಿತ್ತು.

ಇದನ್ನು ಅವಳಿಗೆ ಹೇಳಿದನೇ? ಇಲ್ಲ. ಮೊದಲು ರೇಟು ಬಾಯಿಬಿಡಬಾರದು ಎಂದು ಮೂವತ್ತು ವರ್ಷ ವ್ಯಾಪಾರ ಮಾಡಿದವನು.

"ಯಾವಾಗ ಬರ್ತಿ?" ಎಂದು ಫೋನಿನಲ್ಲಿ ಕೇಳುತ್ತಿದ್ದ, ಬಟನ್ನಿನ ಪಾರ್ಸೆಲ್ಲು ಯಾವಾಗ ಬರುತ್ತದೆ ಎಂದು ವಿಚಾರಿಸುವ ದನಿಯಲ್ಲಿ.

"ಕರಿಯಾಕೆ ಯಾರೂ ಬಂದಿಲ್ವಲ್ಲ" ಎನ್ನುತ್ತಿದ್ದಳು ಅವಳು.

"ಹೋಗುವಾಗ ಬಸ್ಸು ಗೊತ್ತಿತ್ತಲ್ಲ ನಿನಗ, ಬರುವಾಗ ಮರ್ತೋತಾ?"

"ಬಸ್ ಗೊತ್ತೈತೆ ಕಣ್ರೀ. ಕರಿಯೋರು ಅವ್ರೋ ಇಲ್ವೋ ಅನ್ನೋದೇ ಗೊತ್ತಿಲ್ಲ."

"ಈ ವಾರ ಆಗಾಂಗಿಲ್ಲ. ನಮ್ಮ ತಂಡ ಪರವೂರಿಗೆ ಹೋಗೇತಿ. ಆರು ಪಂದ್ಯ ಅದಾವು, ಬಾವುಟದ ಪ್ರಶ್ನೆ."

ಬಾವುಟವೆಂದರೆ ಪೆನ್ನಂಟು; ಪಟ್ಟಿಯಲ್ಲಿ ಮೊದಲು ನಿಂತ ತಂಡದ ಹೆಸರಿನ ಮೇಲೆ ಹಾರುವ ಮೂರು ಮೂಲೆಯ ಚಿತ್ರ. ಓಬುಲೇಶನ ರಾಯದುರ್ಗ ತಂಡ ಒಂದೇ ಒಂದು ಗೆಲುವಿನಷ್ಟು ಮುಂದಿತ್ತು. ಹಿಂದೆಯೇ 'ಕಡಲಹದ್ದು' ಎಂಬ ತಂಡ. ಕೊನೆಯ ಆರು ಪಂದ್ಯ ಆ ಹದ್ದುಗಳ ಮೈದಾನದಲ್ಲೇ.

"ಹೋಗಿ ಗೆದ್ಕಂಡ್ ಬರ್ರಿ" ಎಂದು ಅವಳು ಫೋನು ಇಟ್ಟಳು.

ಸೋಮವಾರ ನಾಗಲಕ್ಷ್ಮಿಯನ್ನು ಇಳಿಸಿದ, ಗೆದ್ದಳು. ಮಂಗಳವಾರವೂ ಅವಳನ್ನೇ ಇಳಿಸಿದ. ಏದುಸಿರು ಬಿಡುತ್ತ ಗೆದ್ದಳು. ಹೆಸರಿನ ಪಕ್ಕ ಸಣ್ಣದೊಂದು ಕೆಂಪು ಚುಕ್ಕೆ ಮೂಡಿತು. ಕುಂಕುಮ ಇಟ್ಟ ಹಾಗೆ ಲಕ್ಷಣವಾಗಿಯೇ ಇದೆ ಎಂದುಕೊಂಡ. ಬುಧವಾರ ಸೋತಳು. ಗುರುವಾರ ಸೋತಳು. ಚುಕ್ಕೆ ಮಾತ್ರ ದಿನದಿನಕ್ಕೆ ಕಾಸಿನಗಲ ಬೆಳೆಯಿತು. ಬೇರೆಯವರನ್ನು ಇಳಿಸಬಹುದಿತ್ತು. ಆದರೆ ಬೇರೆಯವರನ್ನು ಇಳಿಸಿದರೆ ಬೆಳಿಗ್ಗೆ ಎಂಟಕ್ಕೆ ಆ ಸಾಲು ಬರುವುದಿಲ್ಲವಲ್ಲ! ಶುಕ್ರವಾರವೂ ಸೋತಾಗ ಎರಡೂ ತಂಡ ಸಮ. ಉಳಿದದ್ದು ಒಂದೇ ಪಂದ್ಯ.

ಯೂನಿಟ್ಟಿನಲ್ಲಿ ಹಿರಿಯಳಾದ ಈಶ್ವರಮ್ಮ ಅಂದು ಜಿಪ್ಪು ತಿರುಗುಮುರುಗಾದ ಪ್ಯಾಂಟೊಂದನ್ನು ತಂದು ಅವನ ಮುಂದೆ ಹಿಡಿದಳು. "ಅಕ್ಕ ಇದ್ದಿದ್ರ ಇದು ಆಗ್ತಿತ್ತೇನ್ರಿ ಸಾವ್ಕಾರ್ರೆ? ಹೋಗಿ ಕರ್ಕಂಡ್ ಬರ್ರಿ."

"ನಾನು ಮಡಕಶಿರಾಕ ಒಬ್ಬ ಬಟ್ಟೆ ಪಾರ್ಟೀನ ನೋಡಾಕ ಹೊಂಟೀನಿ" ಎಂದ ಓಬುಲೇಶ್ ಗಂಭೀರವಾಗಿ.

"ಹೌದ್ರಿ. ಆ ಪಾರ್ಟಿಗೆ ಮಲ್ಲಿಗೆ ಹೂವು ಭಾಳ ಸೇರ್ತೇತಿ, ತಗಂಡ್ ಹೋಗ್ರಿ."

ಹೂವು ಕಟ್ಟಿಸಿಕೊಂಡ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಲ್ಲಿ ಇಳಿದು, ಚಿರಂಜೀವಿಯ ಆಟೋದಲ್ಲೇ ಸಂಜೆಗೆ ಗುಡಿಬಂಡೆ ಸೇರಿದ. ಮನೆಯ ಮುಂದೆ ನಾಗಲಕ್ಷ್ಮಿ ಹಿಪ್ಪುನೇರಳೆ ಸೊಪ್ಪಿನ ಮೂಟೆಗೆ ಒರಗಿ, ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮುಖ ತುಂಬಿಕೊಂಡಿತ್ತು. ಏನಕ್ಕೋ ನಗುತ್ತಿದ್ದಳು. ರಾಯದುರ್ಗದಲ್ಲಿ ಅವಳು ಕಾಲು ಚಾಚಿ ಕೂತದ್ದನ್ನು ಯಾವತ್ತು ಕಂಡಿದ್ದೆ ಎಂದು ಯೋಚಿಸಿದ. ನೆನಪಾಗಲಿಲ್ಲ. ಹೂವಿನ ಪೊಟ್ಟಣವನ್ನು ಅವಳ ಮುಂದೆ ಹಿಡಿದ.

ಮುದ್ದೆ, ಹುರುಳಿ ಸಾರು ಮುಗಿದ ಮೇಲೆ ಎಲ್ಲರೂ ಜಗಲಿಯ ಮೇಲೆ ಕೂತರು.

"ನಾಳೆ ಕರ್ಕಂಡು ಹೋಗ್ತೀನಿ ಮಾವ" ಎಂದ ಓಬುಲೇಶ್.

"ಅವಳ್ನೇ ಕೇಳಿ ಅಳಿಯಂದ್ರೆ" ಎಂದ ದೊಡ್ಡರಂಗಪ್ಪ.

ನಾಗಲಕ್ಷ್ಮಿ ಹೂವು ಮುಡಿದಿದ್ದಳು, ಮಾತು ಮಾತ್ರ ಸಡಿಲಿಸಲಿಲ್ಲ. "ಇಪ್ಪತ್ತೈದು ದಿನದಾಗೆ ಒಂದ್ ಸಲನಾದ್ರೂ ನೀನಿಲ್ದೆ ಬೇಜಾರು ಅಂದ್ರಾ? ಆ ಹಾಳು ಆಟನೇ ಹೆಚ್ಚಾತು."

ಇಂಥ ಹೊತ್ತಿಗೆಂದೇ ಒಳ್ಳೆಯ ಮಾಲನ್ನು ಕೊನೆಗೆ ಬಿಚ್ಚುವುದು ವ್ಯಾಪಾರದ ರೀತಿ. ಓಬುಲೇಶ್ ಫೋನು ತೆಗೆದು ಅವಳ ಮುಂದಿಟ್ಟ. "ಆ ಆಟದಾಗ ಯಾರ ಹೆಸರೈತಿ ನೋಡು. ಸೋಮವಾರದಿಂದ ದಿನಾ ನೀನಽ. ನೀನಿಲ್ಲದ ಒಂದ್ ಪಂದ್ಯನೂ ಆಡಿಸಿಲ್ಲ. ಸೋತ್ರೂ ಬದಲಿಸಲಿಲ್ಲ. ಬೇಜಾರಾಗೇತಿ ನಾಗು. ಸಾಕಾ? ಬಾಯಿಬಿಟ್ಟು ಹೇಳೀನಿ."

ನಾಗಲಕ್ಷ್ಮಿಯ ಕಣ್ಣು ತೇವವಾಯಿತು. ಹೆಸರಿನ ಮೇಲೆ ಬೆರಳಾಡಿಸಿದಳು. ಕೆಲಸ ಕೈಗೂಡಿತು ಎಂದು ಓಬುಲೇಶ್ ಮೀಸೆಯ ಮೇಲೆ ಕೈಯಿಡುವಷ್ಟರಲ್ಲಿ ಅವಳು ಕೇಳಿದಳು: "ಈ ಕೆಂಪಗೆ ಇರೋದು ಏನ್ರೀ?"

"ಕುಂಕುಮ ಇದ್ದಂಗ ಐತಲ್ಲ, ಅದಽ."

ಚಿರಂಜೀವಿ ಬಗ್ಗಿ ನೋಡಿದ. ಆಟೋ ಓಡಿಸುವ ಮುಂಚೆ ಅವನು ಡಿಗ್ರಿ ಓದಿದ್ದ. ಅದು ಉಪಯೋಗಕ್ಕೆ ಬರಲು ಆ ಗಳಿಗೆಯೇ ಬೇಕಿತ್ತೇ! ಚುಕ್ಕೆಯನ್ನು ಒತ್ತಿದ. ಉದ್ದದ ಬರಹ ತೆರೆಯಿತು.

"ಭಾವ, ಇದು ಕುಂಕುಮ ಅಲ್ಲ, ಆಟದಾಗಿನ ಡಾಕ್ಟ್ರು ಬರ್ದಿರೋದು. 'ನಾಗಲಕ್ಷ್ಮಿ. ವಿಪರೀತ ದುಡಿಮೆ. ಒಂದು ದಿನ ಚೆಂಡೆಸೆದವರಿಗೆ ನಾಲ್ಕು ದಿನ ವಿಶ್ರಾಂತಿ ಕೊಡಬೇಕು. ಯಜಮಾನರು ಐದು ದಿನ ಸಾಲಾಗಿ ದುಡಿಸಿದ್ದಾರೆ. ಭುಜ ಉಳುಕಿದೆ. ಹದಿನೈದು ದಿನ ಪೂರ್ತಿ ವಿಶ್ರಾಂತಿ.'"



"ಅಲ್ಲೂ ನನ್ನೇ ದುಡಿಸಿದ್ರಾ?" ಎಂದಳು ನಾಗಲಕ್ಷ್ಮಿ. "ಮನೇಲಿ ಅಡುಗೆ, ಯೂನಿಟ್ನಾಗೆ ದಾರ ಕತ್ತರಿಸೋದು, ಅದು ಸಾಲ್ದು ಅಂತ ಫೋನಾಗೂ?"

"ಲೇ, ಅದು ಪ್ರೀತಿಲೇ..."

"ಭುಜ ಉಳುಕೋವಷ್ಟು ಪ್ರೀತಿ" ಎಂದರು ಕೆಂಪಕ್ಕ. ಅಳಿಯನ ಎದುರು ಅವರು ಹೆಚ್ಚು ಮಾತಾಡುವವರಲ್ಲ. ಆಡಿದರೆ ಮೇಲ್ಮನವಿ ಇರುವುದಿಲ್ಲ. "ನಾಳೀಕೆ ಎಸೆಯಾಕೆ ಇನ್ಯಾರವ್ರೆ?"

ಚಿರಂಜೀವಿ ಪಟ್ಟಿ ಸರಿಸಿದ. "ಅವ್ವ, ನೀನೇ ಇದ್ದೀಯ! ವರ್ಷಪೂರ್ತಿ ಸುಮ್ನೆ ಕೂರ್ಸವ್ರೆ. ಶಕ್ತಿ ನೂರಕ್ಕೆ ನೂರು."

"ಹಂಗಾರೆ ನನ್ನ ಹಾಕು."

ಬೆಳಿಗ್ಗೆ ಎಂಟಕ್ಕೆ ಮನೆಯವರೆಲ್ಲ ರೇಷ್ಮೆಹುಳಕ್ಕೆ ಸೊಪ್ಪು ಹಾಕುವುದನ್ನೂ ಬಿಟ್ಟು ಫೋನಿನ ಸುತ್ತ ನೆರೆದರು. ಚಿರಂಜೀವಿ ಓದಿ ಹೇಳುತ್ತ ಹೋದ. ಕೆಂಪಕ್ಕನ ಚೆಂಡನ್ನು ಮುಟ್ಟಲು ಒಂದು ಹದ್ದಿಗೂ ಆಗಲಿಲ್ಲ. ದೊಡ್ಡರಂಗಪ್ಪ ಹೊಡೆದದ್ದು ಮೈದಾನದಾಚೆ ಬಿತ್ತು ಎಂದಾಗ, ಕೂತಿದ್ದ ದೊಡ್ಡರಂಗಪ್ಪ ಎದ್ದು ನಿಂತು ಟವೆಲ್ಲು ಕೊಡವಿದ. ರಾಯದುರ್ಗ ತಂಡ ಗೆದ್ದಿತು. ಪರದೆಯ ಮೇಲೆ ಮೂರು ಮೂಲೆಯ ಬಾವುಟ ಹಾರಿತು. ಎಲ್ಲರೂ ಕುಣಿದರು. ಓಬುಲೇಶ್ ಬಾವುಟ ನೋಡಲಿಲ್ಲ. ನಾಗಲಕ್ಷ್ಮಿಯ ಬ್ಯಾಗು ಎಲ್ಲಿದೆ ಎಂದು ಹುಡುಕುತ್ತಿದ್ದ.

ಬ್ಯಾಗೊಂದು ಬಾಗಿಲಿಗೆ ಬಂತು. ಹಿಡಿದವರು ಕೆಂಪಕ್ಕ.

"ನಾಗುಗೆ ಹದಿನೈದು ದಿನ ಅಂತ ಬರ್ದೈತಲ್ಲ" ಎಂದ ಮಾವ. "ಅಲ್ಲೀಗಂಟ ಇವ್ಳು ಬತ್ತಾಳೆ."

ಆಟೋದ ತನಕ ನಾಗಲಕ್ಷ್ಮಿ ಬಂದಳು. ಅಂಗಿಯ ಕಾಲರು ಸರಿಮಾಡಿದಳು. "ರಾತ್ರಿ ಹೇಳಿದ್ರಲ್ಲ, ಬೇಜಾರಾಗೇತಿ ಅಂತ, ಅದನ್ನ ಎಂಟನೇ ದಿನವೇ ಹೇಳಿದ್ರೆ ಒಂಬತ್ತನೇ ದಿನಕ್ಕೆ ಬತ್ತಿದ್ದೆ ಕಣ್ರೀ" ಎಂದು ಮೆಲ್ಲಗೆ ಅಂದು, ಒಳಗೆ ಹೋಗಿ ಮತ್ತೆ ಕಾಲು ಚಾಚಿ ಕೂತಳು.

ಬಸ್ಸು ಮಡಕಶಿರಾ ದಾಟಿತು. ಕಿಟಕಿಯ ಪಕ್ಕದ ಸೀಟಿನಲ್ಲಿ ಕೆಂಪಕ್ಕ. ಹೋಗಲಿ, ಊಟವಾದರೂ ಹೊತ್ತಿಗೆ ಸಿಗುತ್ತದೆ ಎಂದು ಓಬುಲೇಶ್ ಮನಸ್ಸಿಗೆ ಸಮಾಧಾನ ಹೇಳಿಕೊಂಡ.

"ನಾಳೆ ಏನ್ ಸಾರು ಮಾಡ್ತೀರಿ ಅತ್ತೆ?"

"ನಾಳೆ ಬಸ್ಸಾರು ಮಾಡ್ತೀನಿ" ಎಂದರು ಕೆಂಪಕ್ಕ. "ಆಮೇಲೆ ನಾಲ್ಕು ದಿನ ಮುಟ್ಟಲ್ಲ. ನಿಮ್ಮ ಆಟದಾಗೆ ಹಂಗೇ ಅಲ್ವಾ ಕಾನೂನು?"

"ಆ ನಾಲ್ಕು ದಿನ ಯಾರು ಮಾಡೋದ್ರಿ ಮತ್ತ?"

ಕೆಂಪಕ್ಕ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ನೀವೂ ಚೆನ್ನಾಗೇ ಸುಧಾರಿಸ್ಕಂಡಂಗೆ ಕಾಣ್ತೀರ, ಶಕ್ತಿ ನೂರಕ್ಕೆ ನೂರು" ಎಂದು, ಸೆರಗು ಹೊದ್ದು ಕಣ್ಣು ಮುಚ್ಚಿದರು.