ನೇಜಿ ನೆಡುವವಳ ಪದ್ಯ

ಲೆಕ್ಕ ತಪ್ಪಿದರೆ ಅಲ್ಲಿಗೆ ಮುಗಿಯಿತು. ಪದ್ಯ ಹಾಗಲ್ಲ, ತಪ್ಪಿದಷ್ಟೂ ಬೆಳೆಯುತ್ತಾ ಹೋಗುತ್ತದೆ. ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವ ನನಗೆ ಇದು ಪ್ರತಿವರ್ಷ ಮನದಟ್ಟಾಗುತ್ತದೆ. ಅದರಲ್ಲೂ ಪಠ್ಯದಲ್ಲಿದ್ದ ಒಂದು ಭಾವಗೀತೆ ಹೋದಲ್ಲೆಲ್ಲ ನನ್ನ ಮರ್ಯಾದೆ ತೆಗೆದಿದೆ.

ಪದ್ಯವೇನೋ ಸರಳ. ಒಬ್ಬಳು ಗದ್ದೆಯಲ್ಲಿ ಬಗ್ಗಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದಾಳೆ. ಒಬ್ಬ ಬದುವಿನ ಮೇಲೆ ನಿಂತು ನೋಡಿ ಮರುಳಾಗಿದ್ದಾನೆ. ಅವಳ ಬೆವರು ಅವನಿಗೆ ಮುತ್ತಾಗಿ ಕಾಣುತ್ತದೆ. ದುಡಿಮೆಯಲ್ಲೇ ಚೆಲುವು, ಚೆಲುವಿನಿಂದಲೇ ಒಲವು. ಇಷ್ಟೇ ಸಾರಾಂಶ. ಇಷ್ಟನ್ನು ಅರ್ಥ ಮಾಡಿಸಲು ನಾನು ಪಟ್ಟ ಪಾಡನ್ನು ಮಾತ್ರ ಯಾವ ಕವಿಯೂ ಬರೆದಿಲ್ಲ.

ಬದುವಿನ ಮೇಲೆ ನಿಂತವನು ಯಾರು?

ಆಗ ನಾನು ವೇಣೂರಿನ ಕಡೆ ಪಾಠ ಮಾಡುತ್ತಿದ್ದೆ. ಮಕ್ಕಳೆಲ್ಲ ಗದ್ದೆ ತೋಟದ ಮನೆಯವರು. ಇವರಿಗೆ ಈ ಪದ್ಯ ನೀರು ಕುಡಿದಷ್ಟು ಸುಲಭ ಅಂದುಕೊಂಡು ಹುರುಪಿನಿಂದ ಓದಿ, ಹಿಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿದೆ.

"ಬದುವಿನ ಮೇಲೆ ನಿಂತವನು ಯಾರು?"

ನನಗೆ ಬೇಕಾದ ಉತ್ತರ 'ಪ್ರೇಮಿ'. ಹುಡುಗ ಸ್ವಲ್ಪವೂ ಅನುಮಾನವಿಲ್ಲದೆ ಹೇಳಿದ, "ಧನಿಗಳು ಮೇಡಂ. ಗದ್ದೆಯ ಯಜಮಾನ್ರು."

"ಯಜಮಾನ್ರಾ? ಹೇಗೆ ಹೇಳ್ತೀ?"

"ಅವಳು ಅಷ್ಟು ಕೆಲಸ ಮಾಡುವಾಗ ಇವರು ಸುಮ್ಮನೆ ನಿಂತು ನೋಡ್ತಾ ಇದ್ದಾರಲ್ಲ ಮೇಡಂ."

"ಸರಿ ಮಾರಾಯ, ಯಜಮಾನ ಆದರೆ ಇಷ್ಟೆಲ್ಲ ಯಾಕೆ ಹೊಗಳಬೇಕು? ಬೆವರು ಮುತ್ತು ಅಂತ ಯಾಕೆ ಹೇಳಬೇಕು?"

"ಈಗ ಕೆಲಸಕ್ಕೆ ಜನ ಎಲ್ಲಿ ಸಿಗ್ತಾರೆ ಮೇಡಂ? ಹೊಗಳದಿದ್ದರೆ ನಾಳೆ ಬರುವುದಿಲ್ಲ."

ನೇಜಿಗೆ ಬಂದ ಗತಿ

ಅಲ್ಲಿಂದ ಮೂಡುಬಿದಿರೆಯ ಒಂದು ಕಾಲೇಜಿಗೆ ಬಂದೆ. ಇಲ್ಲಿನ ಹಾಸ್ಟೆಲಿನಲ್ಲಿ ರಾಜ್ಯದ ಎಲ್ಲ ಮೂಲೆಯ ಮಕ್ಕಳೂ ಇದ್ದರು. ಪದ್ಯ ಪಾಠ ಮಾಡಿದ ದಿನ ವಿಜಯಪುರದ ಕಡೆಯ ಒಬ್ಬ ಹುಡುಗ ಜ್ವರ ಬಂದು ಮಲಗಿದ್ದ. ಗೆಳೆಯರ ಟಿಪ್ಪಣಿ ನೋಡಿಕೊಂಡು ತಾನೇ ಓದಿ ಪರೀಕ್ಷೆಗೆ ಕೂತ. ಪಾಪ, ಅವನ ಊರಿನಲ್ಲಿ ಜೋಳವುಂಟು, ನೇಜಿ ಇಲ್ಲ. ನೇಜಿ ಅಂದರೆ ನಾಯಕಿಯ ಹೆಸರು ಅಂತಲೇ ತಿಳಿದುಕೊಂಡಿದ್ದ.

ಮನೆಯಲ್ಲಿ ಚಾ ಕುಡಿಯುತ್ತಾ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವನ ಉತ್ತರ ಹೀಗಿತ್ತು:

"ನೇಜಿ ಬಹಳ ಎಳೆಯ ಪ್ರಾಯದವಳು, ಗಾಳಿಗೆ ತೂಗಾಡುವಷ್ಟು ತೆಳ್ಳಗಿದ್ದಳು. ಹೆಂಗಸರೆಲ್ಲ ಸೇರಿ ಅವಳನ್ನು ಬೇರುಸಮೇತ ಕಿತ್ತು, ಹಗ್ಗದಿಂದ ಕಟ್ಟಿ ಕೆಸರಿಗೆ ಎಸೆದರು. ನಂತರ ಹಾಡು ಹೇಳುತ್ತಾ ಅವಳನ್ನು ಮಣ್ಣಿನಲ್ಲಿ ಊರಿದರು. ಇಷ್ಟಾದರೂ ಕವಿ ಅವಳನ್ನು ಪ್ರೀತಿಸುವುದನ್ನು ಬಿಡಲಿಲ್ಲ. ಇದೇ ನಿಜವಾದ ಪ್ರೀತಿ."

ಚಾ ನೆತ್ತಿಗೇರಿ ಕೆಮ್ಮಿದೆ. ಗಂಡ ಓಡಿಬಂದು ಉತ್ತರ ಓದಿ ಗಂಭೀರವಾಗಿ ಹೇಳಿದರು, "ಇದಕ್ಕೆ ಮಾರ್ಕ್ ಕೊಡುವುದಲ್ಲ, ಪೊಲೀಸಿಗೆ ಕೊಡುವ."

ಗಂಟಲಿಗಿಳಿಯದ ಗಂಜಿ

ನಮ್ಮ ಮನೆ ಪುಂಜಾಲಕಟ್ಟೆಯ ಹತ್ತಿರ. ಪಕ್ಕದ ಬ್ಯಾರಿ ಕುಟುಂಬದ ಯಜಮಾನರು ದುಬೈಯಲ್ಲಿದ್ದಾರೆ. ಇಲ್ಲಿ ಹೆಂಡತಿ ಮತ್ತು ಪಿಯುಸಿ ಓದುವ ಮಗಳು. ಒಂದು ಸಂಜೆ ಅವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು.

"ಟೀಚರ್, ಸ್ವಲ್ಪ ನಮ್ಮ ಮನೆಗೆ ಹೋಗಿ. ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು 'ನೀನಿಲ್ಲದೆ ಗಂಜಿ ಗಂಟಲಿಗಿಳಿಯದು' ಅಂತ ಯಾರ ಹತ್ರವೋ ಹೇಳ್ತಾ ಉಂಟಂತೆ. ಅವಳ ತಾಯಿ ಒಂದೇ ಸಮನೆ ಅಳ್ತಾ ಇದ್ದಾಳೆ. ನಾನು ನಾಳೆಯೇ ಹೊರಟು ಬರ್ತೇನೆ."

ನನಗೆ ನಗು ತಡೆಯಲಾಗಲಿಲ್ಲ. "ಟಿಕೆಟ್ ಮಾಡಬೇಡಿ ಮಾರಾಯ್ರೆ. ಅದು ನೇಜಿ ಪದ್ಯದ ಸಾಲು! ನಾಳೆ ಪರೀಕ್ಷೆ ಉಂಟು, ಬಾಯಿಪಾಠ ಮಾಡ್ತಾ ಇದ್ದಾಳೆ."

ಅತ್ತ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. ಆಮೇಲೆ ಮೆಲ್ಲಗೆ ಕೇಳಿದರು, "ಸಾಲು ಒಳ್ಳೆಯದುಂಟಲ್ಲ ಟೀಚರ್. ಅದೊಂದನ್ನು ನನಗೆ ವಾಟ್ಸಾಪ್ ಮಾಡ್ತೀರಾ?"

ಕಳಿಸಿದೆ. ಅವರು ಅದನ್ನು ಪ್ರೀತಿಯಿಂದ ಹೆಂಡತಿಗೆ ಕಳಿಸಿದರು. ಹತ್ತೇ ನಿಮಿಷದಲ್ಲಿ ಆ ಮಹಾತಾಯಿ ಕೆಂಪು ಕಣ್ಣು ಮಾಡಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ನೋಡಿ ಟೀಚರ್, ಮಗಳ ಪದ್ಯದ ಸಾಲನ್ನೇ ಇವರು ಯಾರಿಗೋ ಕಳಿಸ್ಲಿಕ್ಕೆ ಹೋಗಿ ತಪ್ಪಿ ನನಗೆ ಕಳಿಸಿದ್ದಾರೆ!"

ಕವಿಪತ್ನಿಯ ಪ್ರಶ್ನೆ

ಕೊನೆಗೆ ನನಗೂ ಸಾಕಾಯಿತು. ಬರೆದವರೇ ಬಂದು ಅರ್ಥ ಹೇಳಲಿ ಅಂತ ಕವಿಗಳನ್ನೇ ನಮ್ಮ ಕಾಲೇಜಿಗೆ ಕರೆಸಿದೆ. ತಲೆ ನರೆತ, ಮೃದು ಮಾತಿನ ಹಿರಿಯರು. ಜೊತೆಗೆ ಪತ್ನಿಯೂ ಬಂದು ಮೊದಲ ಸಾಲಿನಲ್ಲಿ ಕೂತರು. ಕವಿಗಳು ಶ್ರಮ, ಸೌಂದರ್ಯ, ಪ್ರೇಮದ ಬಗ್ಗೆ ಎಷ್ಟು ಚಂದ ಮಾತಾಡಿದರೆಂದರೆ ನನ್ನ ಕಣ್ಣು ತುಂಬಿತು. ಆಮೇಲೆ ಪ್ರಶ್ನೋತ್ತರ. ಒಬ್ಬ ಹುಡುಗಿ ಎದ್ದು ನೇರವಾಗಿ ಪತ್ನಿಯನ್ನೇ ಕೇಳಿದಳು.

"ಮೇಡಂ, ಪದ್ಯದಲ್ಲಿ ನೇಜಿ ನೆಡುವವರು ನೀವೇ ಅಲ್ವಾ?"

ಯಾರೋ ಅವರ ಕೈಗೆ ಮೈಕ್ ಕೊಟ್ಟರು. ಅಲ್ಲಿಗೆ ನಮ್ಮ ಗ್ರಹಚಾರ ಕೆಟ್ಟಿತು.

"ನಾನಲ್ಲ ಮಗಾ. ನಾನು ಮಂಗಳೂರು ಪೇಟೆಯವಳು. ಗದ್ದೆಗೆ ಕಾಲಿಟ್ಟದ್ದೇ ಇಲ್ಲ."

"ಹಾಗಾದರೆ ಅದು ಯಾರು ಮೇಡಂ?"

"ಅದನ್ನೇ ನಾನೂ ಮದುವೆಯಾದಂದಿನಿಂದ ಕೇಳ್ತಾ ಇದ್ದೇನೆ. ಇವತ್ತು ಹೇಗೂ ಇಷ್ಟು ಜನ ಇದ್ದೀರಿ, ಒಟ್ಟಿಗೆ ಕೇಳುವ."

ಸಭೆ ಗೊಳ್ಳೆಂದಿತು. ಕವಿಗಳು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಮಕ್ಕಳೇ, ಅವಳು ಯಾವುದೇ ಒಬ್ಬ ವ್ಯಕ್ತಿ ಅಲ್ಲ. ದುಡಿಯುವ ಹೆಣ್ಣಿನ ಪ್ರತೀಕ."

ಬದುಕಿದೆ ಅಂದುಕೊಂಡು ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಆದರೆ ಪತ್ನಿ ಮೈಕ್ ಬಿಡಲಿಲ್ಲ.

"ಪ್ರತೀಕವೇ ಆಗಲಿ. ಪ್ರತೀಕದ ಎಡಗೆನ್ನೆಯಲ್ಲಿ ಮಚ್ಚೆ ಉಂಟು ಅಂತ ನಾಲ್ಕನೇ ಚರಣದಲ್ಲಿ ಬರೆದಿದ್ದೀರಲ್ಲ, ಅದು ನಿಮಗೆ ಹೇಗೆ ಗೊತ್ತಾಯ್ತು?"

ಸಭಾಂಗಣ ಹಾರಿಹೋಗುವ ಹಾಗೆ ಸಿಳ್ಳೆ ಬಿತ್ತು. ನಾನು ಓಡಿಹೋಗಿ ವಂದನಾರ್ಪಣೆ ಮಾಡಿ, ಕವಿಗಳಿಗೆ ಶಾಲು ಹೊದೆಸಿ, ಕೈ ಹಿಡಿದು ಕಾರಿನ ತನಕ ತಲುಪಿಸಿದೆ. ಪತ್ನಿ ಆಗಲೇ ಒಳಗೆ ಕೂತು ಕಾಯುತ್ತಿದ್ದರು. ಕವಿಗಳು ಬಾಗಿಲ ಹತ್ತಿರ ನಿಂತು, ಆಚೀಚೆ ನೋಡಿ, ನನ್ನ ಕಿವಿಯ ಬಳಿ ಪಿಸುಗುಟ್ಟಿದರು.

"ಅಮ್ಮಾ, ಪಠ್ಯದಿಂದ ಒಂದು ಪದ್ಯ ತೆಗೆಸಬೇಕಾದರೆ ಯಾರನ್ನು ಕಾಣಬೇಕು?"