ರಾಮಕೋಟಿಯ ಬೀಗದ ಕೈ

ನಮ್ಮ ಭಾವನ ಹೊಟ್ಟೆಯಲ್ಲಿ ಒಂದೇ ಒಂದು ಗುಟ್ಟು ನಿಂತದ್ದನ್ನು ನಾನು ಕಂಡವನಲ್ಲ. ಅಂಥವರ ಕೈಗೆ ಲೋಕದ ಗುಟ್ಟು ಕಾಯುವ ಕೆಲಸ ಹೋಗಿ ಸೇರಿತು ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ. ಈಗಲೂ ನೆನೆದರೆ ಒಂದು ನಿಟ್ಟುಸಿರು ತಾನಾಗಿಯೇ ಹೊರಡುತ್ತದೆ.

ಭಾವ ಎಂದರೆ ನಮ್ಮಕ್ಕನ ಗಂಡ. ಹನುಮಂತನಗರದಲ್ಲಿ, ಗುಡ್ಡದ ಮೇಲಿನ ಗುಡಿಯ ಗಂಟೆ ಕೇಳಿಸುವಷ್ಟು ದೂರದಲ್ಲಿ ಮನೆ. ನನಗೆ ಹೆಣ್ಣು ನೋಡಲು ಪಕ್ಕದ ಶ್ರೀನಗರಕ್ಕೆ ನಡೆದುಕೊಂಡು ಹೋದಾಗ ದಾರಿಯುದ್ದಕ್ಕೂ ಅಕ್ಕ ಅವರಿಗೆ ಪಾಠ ಹೇಳಿಕೊಂಡು ಬಂದಿದ್ದಳು: "ರೀ, ಇವನು ಗೊರಕೆ ಹೊಡೆಯೋ ವಿಷಯ ಒಂದು ಮಾತ್ರ ಎತ್ತಬೇಡಿ." ಭಾವ ಆಗಲಿ ಎಂದು ತಲೆಯಾಡಿಸಿದರು. ಉಪ್ಪಿಟ್ಟಿನ ತಟ್ಟೆ ಕೈಗೆ ಬಂದದ್ದೇ ತಡ, ಹುಡುಗಿಯ ತಂದೆಯ ಕಡೆ ತಿರುಗಿ, "ಹುಡುಗ ಅಪ್ಪಟ ಚಿನ್ನ ಸಾರ್. ಒಂದು ವಿಷಯ ಹೇಳಬೇಡಿ ಅಂದಿದ್ದಾಳೆ ನಮ್ಮವಳು. ಅದಕ್ಕೇ ಗೊರಕೆ ಬಗ್ಗೆ ನಾನೇನೂ ಹೇಳಲ್ಲ" ಎಂದುಬಿಟ್ಟರು! ಆ ಹುಡುಗಿಯೇ ನನ್ನ ಹೆಂಡತಿಯಾದಳು ಎನ್ನುವುದು ಅವಳ ಎದೆಗಾರಿಕೆಗೆ ಸಾಕ್ಷಿ.

ತೊಂಬತ್ತರ ದಶಕದ ಕೊನೆಗೆ ಭಾವ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಒಂದು ಕಂಪ್ಯೂಟರನ್ನೂ ಫೋನಿನ ತಂತಿಗೆ ಸಿಕ್ಕಿಸುವ ಒಂದು ಮೋಡೆಮ್ಮನ್ನೂ ತಂದು ನಡುಮನೆಯಲ್ಲಿ ಸ್ಥಾಪಿಸಿದರು. ಅಂದಿನಿಂದ ಆ ಮನೆಯ ಫೋನು ಯಾವಾಗಲೂ ಎಂಗೇಜು. ಭಾನುವಾರ ಬರಲೋ ಬೇಡವೋ ಎಂದು ಕೇಳೋಣವೆಂದರೆ ಲೈನೇ ಸಿಗದು. ಬರಬೇಡಿ ಎಂದು ಹೇಳುವ ದಾರಿ ಅವರಿಗೂ ಇಲ್ಲವಲ್ಲ, ಹಾಗಾಗಿ ಪ್ರತಿ ಭಾನುವಾರವೂ ನಾನು ಬಿ.ಟಿ.ಎಂ. ಲೇಔಟಿನಿಂದ ಬಸ್ಸು ಬದಲಿಸಿಕೊಂಡು, ಬೆವರಿಕೊಂಡು, ಹೋಗಿಯೇ ಹೋಗುತ್ತಿದ್ದೆ. ನಮ್ಮಮ್ಮ ಅಕ್ಕನ ಮನೆಯಲ್ಲೇ ಇದ್ದಳು ಎನ್ನುವುದು ಇನ್ನೊಂದು ಕಾರಣ.

ಅಷ್ಟಕ್ಕೂ ಭಾವ ಅಲ್ಲಿ ಕೂತು ಮಾಡುತ್ತಿದ್ದುದಾದರೂ ಏನು? ದೇಶದೇಶಗಳ ಒಂದಿಷ್ಟು ಜನ, ಒಬ್ಬರ ಮುಖ ಒಬ್ಬರು ಕಂಡವರಲ್ಲ, ಕಂಪ್ಯೂಟರಿನ ಗುಟ್ಟುಗಳಿಗೆ ಬೀಗ ಹಾಕುವ ಸಾಫ್ಟ್‌ವೇರೊಂದನ್ನು ಬರೆದು ಲೋಕಕ್ಕೆಲ್ಲ ಪುಕ್ಕಟೆ ಹಂಚುತ್ತಿದ್ದರು. ಅದರ ಒಳಗಿನ ಬರಹವನ್ನೂ, ಅಂದರೆ ಸೋರ್ಸ್ ಕೋಡನ್ನೂ, ಒಂದು ಸಾಲು ಮುಚ್ಚಿಡದೆ ಬಯಲಿಗಿಡುತ್ತಿದ್ದರು. ಅದನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವುದು ಭಾವನ ಪಾಲಿನ ಸೇವೆ.

ಅಮ್ಮನಿಗೆ ಇದು ಒಂದು ಚೂರೂ ಹಿಡಿಸಲಿಲ್ಲ.

"ಅಲ್ಲ ಅಳಿಯಂದ್ರೇ, ಬೀಗ ಹೇಗೆ ಮಾಡಿದ್ದು ಅಂತ ಬಿಚ್ಚಿ ತೋರಿಸಿಬಿಟ್ರೆ ಕಳ್ಳ ನೋಡಲ್ವೇ?"

"ನೋಡ್ಲಿ ಅಂತಲೇ ತೋರಿಸೋದು ಅತ್ತೆ. ಪೂರ್ತಿ ನೋಡಿದ ಮೇಲೂ ಅವನ ಕೈಲಿ ತೆಗೆಯೋಕೆ ಆಗದಿದ್ರೆ ತಾನೇ ಅದು ಬೀಗ? ಬೀಗದ ಕೈ ಒಂದನ್ನ ಬಚ್ಚಿಟ್ಟುಕೊಂಡ್ರೆ ಸಾಕು."

ಒಳಗಿನಿಂದ ಅಕ್ಕ ಕೂಗಿದಳು: "ಊರಿಗೆಲ್ಲ ಬೀಗ ಹಂಚೋ ಪುಣ್ಯಾತ್ಮರು ನಮ್ಮನೆ ಬಚ್ಚಲಿಗೆ ಒಂದು ಚಿಲಕ ಹಾಕಿಸಲಿ ಮೊದಲು!"

ಅದೂ ನಿಜವೇ. ಆ ಮನೆಯಲ್ಲಿ ಸ್ನಾನಕ್ಕೆ ಹೋದವರು ದಾಸರ ಪದವನ್ನೋ ಸಿನಿಮಾ ಹಾಡನ್ನೋ ಗಟ್ಟಿಯಾಗಿ ಹಾಡುತ್ತಿರಬೇಕಿತ್ತು. ಹಾಡು ನಿಂತಿತೋ, ಬಾಗಿಲು ತೆರೆಯಿತು!

ಕೈಪಿಡಿ ಬರೆಯುವ ಚಟ ಕಂಪ್ಯೂಟರಿಗಷ್ಟೇ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಗೀಸರಿಗೆ ಒಂದು ಹಾಳೆ, ನೀರಿನ ಮೋಟಾರಿಗೆ ಒಂದು ಹಾಳೆ, ಗೇಟಿಗೆ ಒಂದು ಹಾಳೆ ಅಂಟಿಸಿದರು. ಕೊನೆಗೆ ಅಮ್ಮನ ಮೆಣಸಿನ ಸಾರಿಗೂ ಒಂದು ಕೈಪಿಡಿ ಬರೆಯಲು ಹೊರಟರು.

"ಅತ್ತೆ, ಹುಣಸೆಹಣ್ಣು ಕೊಂಚ ಅಂದ್ರಿ. ಕೊಂಚ ಅಂದ್ರೆ ಎಷ್ಟು?"

"ಕೊಂಚ ಅಂದ್ರೆ ಕೊಂಚ."

"ಹಾಗಂದ್ರೆ ಹೊಸಬರಿಗೆ ಹೇಗೆ ಗೊತ್ತಾಗುತ್ತೆ?"

"ಹೊಸಬರು ಮೂರ್ನಾಲ್ಕು ಸಲ ಕೆಡಿಸಲಿ, ಗೊತ್ತಾಗುತ್ತೆ."

ಭಾವ ಅದನ್ನು ಹಾಗೆಯೇ ಬರೆದುಕೊಂಡರು. "ಇಷ್ಟು ಪ್ರಾಮಾಣಿಕವಾದ ಕೈಪಿಡಿ ನಮ್ಮ ಗುಂಪಿನಲ್ಲಿ ಇನ್ನೂ ಯಾರೂ ಬರೆದಿಲ್ಲ ಕಣಯ್ಯ" ಎಂದು ನನ್ನ ಮುಂದೆ ಹೊಗಳಿದರು.

ಇನ್ನು ಅವರು ಬರೆದ ಪ್ರತಿ ಅಧ್ಯಾಯವನ್ನೂ ಮೊದಲು ಓದಬೇಕಾದವನು ಯಾರು? ಬಸ್ಸಿಳಿದು ಬಂದ, ಕಾಫಿಗೆ ಕಾದು ಕೂತ ಈ ನತದೃಷ್ಟ! ನನಗೇಕೆ ಈ ಗೌರವ ಎಂದು ಒಮ್ಮೆ ಕೇಳಿದೆ. "ನಿನಗೆ ಅರ್ಥವಾಯ್ತು ಅಂದ್ರೆ ಇನ್ನು ಪ್ರಪಂಚದಲ್ಲಿ ಯಾರಿಗೂ ಕಷ್ಟವಾಗಲ್ಲ" ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯದೆ ಓದತೊಡಗಿದೆ. ಅದರಲ್ಲಿ ನನಗೆ ಸರಿಯಾಗಿ ಅರ್ಥವಾದ ಅಧ್ಯಾಯ ಒಂದೇ. 'ಹಳೆಯ ಬೀಗದ ಕೈಗೆ ಅಂಟಿಕೊಳ್ಳಬೇಡಿ' ಎಂಬುದು ಅದರ ತಾತ್ಪರ್ಯ. ಎಂಥ ಬೀಗದ ಕೈಯಾದರೂ ಕಾಲ ಕಳೆದಂತೆ ದುರ್ಬಲವಾಗುತ್ತದೆ, ಮೋಹ ಬಿಟ್ಟು ಬದಲಾಯಿಸಿ ಎಂದು ಭಾವ ಭಗವದ್ಗೀತೆಯ ಧಾಟಿಯಲ್ಲಿ ಬರೆದಿದ್ದರು.

ಬೀಗದ ಕೈ ಎಂದೆನಲ್ಲ, ಅದರದ್ದೇ ಒಂದು ದೊಡ್ಡ ರಾಮಾಯಣ. ಆ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಬೀಗದ ಕೈ. ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗಿನ ಒಂದು ಭಾರೀ ಅಂಕಿ. ಕಳಿಸಿದ ಬರಹ ತಮ್ಮದೇ ಎಂದು ಅದರಿಂದಲೇ ಸಹಿ ಹಾಕಬೇಕು. ಆ ಅಂಕಿ ಯಾರ ಊಹೆಗೂ ಸಿಗಬಾರದು, ಆದ್ದರಿಂದ ಅದನ್ನು ಹುಟ್ಟಿಸುವಾಗ ಕೀಬೋರ್ಡನ್ನು ಗೊತ್ತುಗುರಿಯಿಲ್ಲದೆ ಕುಟ್ಟಬೇಕು. ಒಬ್ಬರೇ ಕುಟ್ಟಿದರೆ ಕೈಗೆ ಒಂದು ಅಭ್ಯಾಸ ಬಂದುಬಿಡುತ್ತದಂತೆ, ಹಾಗಾಗಿ ಮನೆಗೆ ಬಂದವರೆಲ್ಲ ಕುಟ್ಟಬೇಕು. ಕುಟ್ಟದಿದ್ದರೆ ಕಾಫಿಯಿಲ್ಲ! ಹಾಲಿನವನು ಕುಟ್ಟಿದ, ಪುರೋಹಿತರು ಮಡಿಯಲ್ಲೇ ಕುಟ್ಟಿದರು, ನಾನು ಕುಟ್ಟಿದೆ. "ಬೇಗ ಬೇಗ ಹೊಡಿಯಯ್ಯ, ಯೋಚಿಸಬೇಡ! ನೀನು ಯೋಚಿಸಿದ್ರೆ ಯಾರು ಬೇಕಾದ್ರೂ ಊಹಿಸಿಬಿಡ್ತಾರೆ" ಎಂದು ಬೈಸಿಕೊಂಡೆ.

ಅಮ್ಮನ ಸರದಿ ಬಂತು. ಅಮ್ಮನಿಗೆ ಇಂಗ್ಲಿಷ್ ಅಕ್ಷರಗಳ ಪರಿಚಯವಿತ್ತು, ಸಲಿಗೆ ಇರಲಿಲ್ಲ. ಜೊತೆಗೆ ದಿನವೂ ಬೆಳಿಗ್ಗೆ ರಾಮಕೋಟಿ ಬರೆಯುವವಳು. ಕೋಟಿ ಸಲ ಶ್ರೀರಾಮ ಎಂದು ಬರೆಯುವ ಹರಕೆ ಹೊತ್ತು ಪುಸ್ತಕದ ಮೇಲೆ ಪುಸ್ತಕ ತುಂಬಿಸುತ್ತಿದ್ದಳು. ಅಂಥವಳ ಮುಂದೆ ಅಕ್ಷರಗಳ ಮಣೆಯಿಟ್ಟು ಮನಸ್ಸಿಗೆ ಬಂದದ್ದು ಬರೆಯಿರಿ ಎಂದರೆ ಏನಾಗುತ್ತದೆ? ಒಂದು ಬೆರಳೆತ್ತಿ, ಕನ್ನಡಕ ಸರಿಮಾಡಿಕೊಂಡು, ಹುಡುಕಿ ಹುಡುಕಿ ಶ್ರೀರಾಮ ಶ್ರೀರಾಮ ಎಂದು ಒತ್ತತೊಡಗಿದಳು.

ಭಾವ ತಲೆ ಮೇಲೆ ಕೈಹೊತ್ತರು. "ಅಯ್ಯೋ ಅತ್ತೆ, ಒಂದೇ ಹೆಸರು ಬರೆದ್ರೆ ಕಳ್ಳರು ಊಹಿಸಿಬಿಡ್ತಾರೆ!"

ಅಮ್ಮ ಬೆರಳು ತೆಗೆಯದೆ ಹೇಳಿದಳು: "ರಾಮನ ಹೆಸರು ಊಹಿಸೋರು ಕಳ್ಳತನಕ್ಕೆ ಯಾಕೆ ಬರ್ತಾರೆ ಅಳಿಯಂದ್ರೇ?"

ಭಾವ ಅಳಿಸಲೆಂದು ಪರದೆಯತ್ತ ಬಗ್ಗಿದರು. ಆದರೆ ಸ್ವಲ್ಪ ಹೊತ್ತಿನಲ್ಲೇ ಅವರ ಮುಖ ಅರಳಿತು. ಕಂಪ್ಯೂಟರು ಅಕ್ಷರಗಳನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲವಂತೆ, ಅಕ್ಷರ ಅಕ್ಷರದ ನಡುವಿನ ಬಿಡುವನ್ನು ಹಿಡಿದುಕೊಳ್ಳುತ್ತದಂತೆ. "ಲೇ, ನೋಡು ಬಾ" ಎಂದು ಅಕ್ಕನನ್ನು ಕೂಗಿದರು. "ಅತ್ತೆ ಎಂ ಅಕ್ಷರ ಹುಡುಕೋಕೆ ಎಷ್ಟು ಹೊತ್ತು ತಗೋತಾರೆ ಅಂತ ಆ ರಾಮನೂ ಊಹಿಸೋಕೆ ಆಗಲ್ಲ! ಇದಪ್ಪ ಬೀಗದ ಕೈ!" ನಾವು ಕುಟ್ಟಿದ್ದನ್ನೆಲ್ಲ ಅಳಿಸಿಹಾಕಿ ಅಮ್ಮನೊಬ್ಬಳ ಕೈಲೇ ಪೂರ್ತಿ ಮಾಡಿಸಿದರು. ಅಂದು ಅಮ್ಮನಿಗೆ ಎರಡನೇ ಲೋಟ ಕಾಫಿ, ನನಗೆ ತಣ್ಣಗಾದ ಮೊದಲನೆಯದು.

ಮುಂದೆ ಅಮ್ಮ ತೀರಿಹೋದಳು. ರಾಮಕೋಟಿಯ ಪುಸ್ತಕಗಳನ್ನು ಗುಡ್ಡದ ಗುಡಿಗೆ ಒಪ್ಪಿಸಿ ಬಂದೆವು. ವರ್ಷಗಳು ಉರುಳಿದವು. ಮೋಡೆಮ್ ಹೋಗಿ ಬ್ರಾಡ್‌ಬ್ಯಾಂಡ್ ಬಂತು, ಫೋನು ಸಿಗತೊಡಗಿತು. ಸಿಗತೊಡಗಿದ್ದೇ ತಪ್ಪಾಯಿತೋ ಏನೋ, ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಕರೆ.

"ಬಾರೋ ಒಂಚೂರು. ಇವರು ಸರಿಯಾಗಿ ಊಟ ಮಾಡ್ತಿಲ್ಲ. ಕಂಪ್ಯೂಟರ್‌ನವರ ಜೊತೆ ಜಗಳ ಆಡ್ಕೊಂಡಿದ್ದಾರೆ."

ದಾರಿಯುದ್ದದ ಆ ವಾಹನಸಾಗರದಲ್ಲಿ ಈಜಿ, ಸುಸ್ತಾಗಿ ಹೋಗಿ ಕೂತೆ. ವಿಷಯ ಇಷ್ಟು: ಗುಂಪಿನವರು ಎಲ್ಲರ ಹಳೆಯ ಬೀಗದ ಕೈಗಳನ್ನೂ ಬದಲಾಯಿಸಲು ಹೇಳಿದ್ದರು. ಈಗಿನ ಕಂಪ್ಯೂಟರುಗಳ ಮುಂದೆ ಆ ಹಳೆಯ ಅಂಕಿಗಳ ಉದ್ದ ಸಾಲದು. ಎಲ್ಲರೂ ಬದಲಾಯಿಸಿದರು, ಭಾವ ಒಬ್ಬರು ಒಲ್ಲೆ ಎಂದರು. ಬದಲಾಯಿಸದಿದ್ದರೆ ಮುಂದಿನ ಆವೃತ್ತಿಯಿಂದ ಅವರ ಕೈಪಿಡಿಯನ್ನು ಸ್ವೀಕರಿಸುವುದಿಲ್ಲ ಎಂದು ಗುಂಪಿನವರು ಬಹಳ ಮರ್ಯಾದೆಯಿಂದಲೇ ಬರೆದಿದ್ದರು. ಕಾರಣವಾಗಿ ಒಂದು ಅಧ್ಯಾಯವನ್ನೂ ಉದ್ಧರಿಸಿದ್ದರು. ಯಾವುದು ಹೇಳಿ? 'ಹಳೆಯ ಬೀಗದ ಕೈಗೆ ಅಂಟಿಕೊಳ್ಳಬೇಡಿ'!

ನನಗೆ ನಗು ತಡೆಯಲಾಗಲಿಲ್ಲ. "ಭಾವ, ನೀವೇ ಬರೆದದ್ದಲ್ವೇ? ಮೋಹ ಬಿಡಿ ಅಂತ?"

"ಬರೆಯೋದು ಸುಲಭ ಕಣಯ್ಯ."

"ಈ ಕೈಪಿಡಿ ಬಿಟ್ರೆ ನೀವು ಬೆಳಿಗ್ಗೆ ಎದ್ದು ಮಾಡೋದಾದ್ರೂ ಏನು? ಒಂದು ಅಂಕಿಗೋಸ್ಕರ ಇಷ್ಟು ಹಟವೇ?"

ಭಾವ ಕಿಟಕಿಯತ್ತ ತಿರುಗಿದರು. ಗುಡ್ಡದ ಗಂಟೆ ಬಾರಿಸಿತು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

"ಅತ್ತೆ ಬರೆದ ಪುಸ್ತಕ ಎಲ್ಲ ಗುಡಿಗೆ ಕೊಟ್ವಿ. ಅವರು ತಡಕಾಡಿದ್ದು ಮಾತ್ರ ಇದರೊಳಗೆ ಉಳ್ಕೊಂಡಿದೆ. ನನ್ನ ಹೆಸರಿನ ಕೆಳಗೆ ಬೀಳೋ ಪ್ರತಿ ಸಹಿಯೂ ಅವರ ಬೆರಳು ಕಣಯ್ಯ. ಇದನ್ನ ಹೇಗೆ ಅಳಿಸಲಿ?"

ಬಾಗಿಲ ಹತ್ತಿರ ಅಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ಗೊರಕೆಯ ವಿಷಯವನ್ನು ಉಪ್ಪಿಟ್ಟು ಆರುವವರೆಗೂ ಇಟ್ಟುಕೊಳ್ಳಲಾಗದ ಮನುಷ್ಯ ಇದೊಂದನ್ನು ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದರೋ!

ನಾನು ಕೇಳಿದೆ: "ಹೊಸ ಬೀಗದ ಕೈ ನಿಮ್ಮದೇ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಭಾವ?" ಅವರ ಕೈಪಿಡಿಯ ಓದುಗನಲ್ಲವೇ, ಅರ್ಥವಾಗದ್ದನ್ನು ಕೇಳುವುದು ನನ್ನ ಉದ್ಯೋಗ.

"ಹಳೇದು ಹೊಸದಕ್ಕೆ ಸಹಿ ಹಾಕಬೇಕು. ಇದು ನಮ್ಮ ಮನೇದೇ, ಇನ್ನು ಮುಂದೆ ಇದನ್ನ ನಂಬಿ ಅಂತ. ಅದಾದ ಮೇಲೇ ಹಳೇದಕ್ಕೆ ವಿಶ್ರಾಂತಿ." ಹೇಳುತ್ತ ಹೇಳುತ್ತ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ನನ್ನ ಕಡೆ ತಿರುಗಿದರು.

ಕೊನೆಗೆ ಕುರ್ಚಿ ಎಳೆದು ಕೂತು ಕಂಪ್ಯೂಟರಿಗೆ ಏನೇನೋ ಆಜ್ಞೆ ಕೊಟ್ಟು, ಕೀಬೋರ್ಡನ್ನು ನನ್ನ ಕಡೆ ತಳ್ಳಿದರು.

"ಏನು ಹೊಡೀಲಿ ಭಾವ?"

"ಏನಾದ್ರೂ."

ನಾನು ಆಫೀಸಿನಲ್ಲಿ ದಿನವಿಡೀ ಕುಟ್ಟುವವನು, ಕಣ್ಣುಮುಚ್ಚಿ ಕುಟ್ಟಬಲ್ಲೆ. ಆದರೆ ಅಂದು ಒಂದೇ ಬೆರಳೆತ್ತಿ, ಅಮ್ಮ ಹುಡುಕಿದಂತೆ, ಶ್ರೀರಾ ಎಂದು ಒತ್ತಿದೆ. ಭಾವ ಪರದೆ ನೋಡಿದರು, ಬೈಯಲಿಲ್ಲ. ಆ ಯಂತ್ರವನ್ನು ಒರೆಸಲೆಂದಲ್ಲದೆ ಎಂದೂ ಮುಟ್ಟದಿದ್ದ ಅಕ್ಕ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಭುಜದ ಮೇಲಿಂದ ಬಗ್ಗಿದಳು.

"ಎಂ ಎಲ್ಲಿದೆಯೋ?"

ನಾನು ತೋರಿಸಲು ಬೆರಳು ಚಾಚಿದೆ. ಭಾವ ನನ್ನ ಕೈ ಹಿಡಿದುಕೊಂಡರು.

"ತೋರಿಸಬೇಡ. ಅವಳೇ ಹುಡುಕಲಿ, ನಿಧಾನಕ್ಕೆ."