ಆರುನೂರು ರೂಪಾಯಿಯ ಬಾಡಿಗೆ ಮನೆ

ಸುಳ್ಳು ಹೇಳುವುದರಲ್ಲಿ ನನ್ನ ಕೈ ಇನ್ನೂ ಪಳಗಿಲ್ಲ. ಹೆಂಡತಿಯ ಮುಂದೆ ಹೇಳಹೋದರೆ ಅರ್ಧಕ್ಕೇ ಸಿಕ್ಕಿಬೀಳುತ್ತೇನೆ. ಆದರೆ ಕಾಗದದ ಮೇಲೆ ಬರೆಯುವ ಸುಳ್ಳಿನ ಮಾತೇ ಬೇರೆ. ಕಾಗದ ನಮ್ಮ ಮುಖ ನೋಡುವುದಿಲ್ಲ. ಅದರಲ್ಲೂ ಇಪ್ಪತ್ತು ಪೈಸೆಯ ರೆವಿನ್ಯೂ ಸ್ಟ್ಯಾಂಪು ಅಂಟಿಸಿದ ಮೇಲಂತೂ ಆ ಸುಳ್ಳಿಗೆ ಎಂಥ ಘನತೆ ಬರುತ್ತದೆಂದರೆ, ಬರೆದವನಿಗೇ ಇದು ಖರೇ ಇರಬಹುದೇನೋ ಅನ್ನಿಸತೊಡಗುತ್ತದೆ. ಪ್ರತಿ ಜನವರಿಯಲ್ಲಿ ಸಂಬಳದಾರರಿಗೆಲ್ಲ ಈ ಅನುಭವ ಆಗುತ್ತದೆ ಎಂದು ನನ್ನ ನಂಬಿಕೆ. ತನಗೆ ಆಗಿಲ್ಲ ಎನ್ನುವವರು ಯಾರಾದರೂ ಇದ್ದರೆ ತಿಳಿಸಿ, ಬಂದು ನಮಸ್ಕಾರ ಮಾಡಿ ಹೋಗುತ್ತೇನೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಮನೆ ಮಾತ್ರ ಬ್ಯಾಡಗಿಯಲ್ಲಿ, ಯಾಕೆಂದರೆ ಬಾಡಿಗೆ ಅಲ್ಲಿ ಸಸ್ತಾ. ತಿಂಗಳಿಗೆ ಇನ್ನೂರೈವತ್ತು ರೂಪಾಯಿಗೆ ಹಂಚಿನ ಮನೆಯ ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಸುಗ್ಗಿಯಲ್ಲಿ ಊರ ತುಂಬ ಮೆಣಸಿನಕಾಯಿಯ ಘಾಟು. ದಿನಾ ಬೆಳಿಗ್ಗೆ ಸೀನುತ್ತ ಬಸ್ಸು ಹತ್ತುವುದು, ರಾಣೆಬೆನ್ನೂರಿನಲ್ಲಿ ಇಳಿದು ಮೂಗೊರೆಸಿಕೊಂಡು ಪಾಠ ಮಾಡುವುದು. ಜನವರಿಯ ಒಂದು ವಾರ ಪಾಠ ತೆರಿಗೆಯ ನ್ಯಾಯದ್ದು. ಕೊಡುವ ಶಕ್ತಿ ಯಾರಿಗೆ ಹೆಚ್ಚೋ ಅವರು ಹೆಚ್ಚು ಕೊಡಬೇಕು ಎಂದು ಮೇಜು ಗುದ್ದಿ ಹೇಳಿ ಹೊರಬಂದರೆ, ಹೆಡ್‌ಕ್ಲಾರ್ಕ್ ಹಿರೇಮಠರು ನನ್ನ ಇನ್‌ಕಮ್ ಟ್ಯಾಕ್ಸ್ ಫಾರ್ಮು ಹಿಡಿದು ಕುಳಿತಿದ್ದರು.

"ಸರ, ಬಾಡಿಗಿ ಪಗಾರದ ಹತ್ತನೇ ಪಾಲು ದಾಟಬೇಕ್ರಿ. ದಾಟಿದ್ದಕ್ಕಷ್ಟ ತೆರಿಗಿ ಮಾಫಿ. ನಿಮ್ಮದು ದಾಟಂಗಿಲ್ಲ. ಒಂದು ಪೈಸಾನೂ ಸಿಗಾಂಗಿಲ್ಲ ನೋಡ್ರಿ."

"ಅಂದ್ರ ಸಸ್ತಾ ಮನ್ಯಾಗ ಇರೂದು ನನ್ನ ತಪ್ಪೇನ್ರಿ?"

"ತಪ್ಪು ಅಂತಲ್ರಿ. ದೊಡ್ಡ ಮನ್ಯಾಗ ಇರೋರ ಕಷ್ಟಾ ನೋಡಿ ಸರಕಾರದ ಕರುಳು ಚುರ್ ಅಂತೈತಿ, ಅಷ್ಟ." ಹಿರೇಮಠರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಬಾಡಿಗಿ ಕೊಟ್ಟ ಪಾವತಿ ತರ್ರಿ. ಅದರಾಗ ಎಷ್ಟು ಬರದಿರತೈತೋ ಅಷ್ಟು ನಾ ಓದತೇನಿ. ಮನಿ ನೋಡಾಕೇನು ನಾ ಬರಾಂಗಿಲ್ಲ."

ಅಷ್ಟಾದರೂ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ, ಆ ಭಾನುವಾರ ಕದರಮಂಡಲಗಿಯಿಂದ ನನ್ನ ಷಡ್ಡಕ ಬಂದ. ಷಡ್ಡಕನೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಮೆಣಸಿನಕಾಯಿ ಬೆಳೆಯುವ ದೊಡ್ಡ ಕುಳ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಇನ್‌ಕಮ್ ಟ್ಯಾಕ್ಸ್ ಎಂಬುದು ಅವನ ಪಾಲಿಗೆ ಬೇರೆಯವರಿಗೆ ಬರುವ ಒಂದು ರೋಗ. ಹೊಸ ಮೋಟರ್‌ಸೈಕಲ್ಲನ್ನು ಬಾಗಿಲಿಗೆ ನಿಲ್ಲಿಸಿ, ಚಹಾ ಕುಡಿಯುತ್ತ, "ಈ ಸಲ ನಿಮಗ ಎಷ್ಟ ಕಡದ್ರು?" ಎಂದು ಆಪರೇಷನ್ ಆದವರನ್ನು ವಿಚಾರಿಸುವ ದನಿಯಲ್ಲಿ ಕೇಳಿದ. ಅವನ ಗಾಡಿಯ ಸದ್ದು ಓಣಿ ದಾಟುವುದರೊಳಗೆ ನನಗೆ ನಾನೇ ಪರವಾನಗಿ ಕೊಟ್ಟುಕೊಂಡಿದ್ದೆ. ಇನ್ನೂರೈವತ್ತನ್ನು ಆರುನೂರು ಮಾಡಿ, ಕಾಲೇಜಿನ ಶಿಸ್ತಿನಿಂದ ಕಾರ್ಬನ್ ಇಟ್ಟು, ಎರಡು ಪ್ರತಿ ಪಾವತಿ, ಅಂದರೆ ಬಾಡಿಗೆಯ ರಸೀದಿ, ಬರೆದೆ.

ಇನ್ನು ಬೇಕಾಗಿದ್ದು ಮನೆಯೊಡತಿ ಮಾಬೂಬಿಯ ಹೆಬ್ಬೆಟ್ಟು. ನಾವು ಅವಳನ್ನು ಚಾಚಿ ಎನ್ನುತ್ತಿದ್ದೆವು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಪಡಸಾಲೆಯ ಪಕ್ಕದ ಸಣ್ಣ ಕೋಣೆಯಲ್ಲಿ ತಾನಿದ್ದು ಉಳಿದ ಮನೆಯನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದಳು. ಸುಗ್ಗಿಯಲ್ಲಿ ವ್ಯಾಪಾರಸ್ಥರ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ವಿಧವಾ ವೇತನಕ್ಕೆ ಅವಳ ಅರ್ಜಿಯನ್ನು ಬರೆದುಕೊಟ್ಟವನು ನಾನೇ. ಆ ಉಪಕಾರದ ಹೆಮ್ಮೆಯೂ ನನಗಿತ್ತು. ಅರ್ಜಿ ಕೊಟ್ಟು ಆರು ತಿಂಗಳಾಗಿ, ಕಚೇರಿಗೆ ಅಲೆದು ಅವಳ ಚಪ್ಪಲಿ ಸವೆದಿತ್ತು.

"ಏನೈತ್ರಿ ಮಾಸ್ತರ ಇದರಾಗ?" ಎಂದಳು.

"ನಾ ನಿಮಗ ಬಾಡಿಗಿ ಕೊಡತೇನಿ ಅಂತ ಬರದೇನಿ ಚಾಚಿ. ಇದನ್ನ ತೋರಿಸಿದ್ರ ಸರಕಾರ ನನಗ ಒಂದಿಷ್ಟು ರೊಕ್ಕಾ ಬಿಡತೈತಿ."

"ಯಾ ಅಲ್ಲಾ! ಪಗಾರಾನೂ ಕೊಟ್ಟು ಬಾಡಿಗಿ ರೊಕ್ಕಾನೂ ಕೊಡತೈತೇನ್ರಿ?"

"ಕೊಡೂದಲ್ಲ ಚಾಚಿ. ನನ್ನ ಕಡಿಂದ ತೊಗೊಳೂದಿಲ್ಲ, ಅಷ್ಟ."

"ಎರಡೂ ಒಂದ ಅಲ್ಲೇನ್ರಿ?"

ಹನ್ನೆರಡು ವರ್ಷ ಅರ್ಥಶಾಸ್ತ್ರ ಕಲಿಸಿದ ನಾನು ಶಾಯಿಯ ಪ್ಯಾಡನ್ನು ಅವಳ ಮುಂದೆ ಸರಿಸಿದೆ. ಅವಳ ಪ್ರಶ್ನೆಯಲ್ಲಿ ಕೊಂಕೇನೂ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು. ಎಷ್ಟು ಬರೆದಿದ್ದೇನೆಂದು ಮಾತ್ರ ಕೇಳಲಿಲ್ಲ. ಸ್ಟ್ಯಾಂಪು ಹಚ್ಚಿದ ಎರಡೂ ಪ್ರತಿಗೆ ಹೆಬ್ಬೆಟ್ಟು ಒತ್ತಿದಳು. ನಾನು ಒಂದನ್ನು ಹಿರೇಮಠರಿಗೆ ಒಯ್ದು ಕೊಟ್ಟೆ, ಇನ್ನೊಂದನ್ನು ಅವಳಿಗೇ ಕೊಟ್ಟೆ. ಹಾಗೆ ಕೊಡುವುದು ಪದ್ಧತಿ. ನನ್ನಂಥ ಪದ್ಧತಿಯ ಮನುಷ್ಯ ಸುಳ್ಳನ್ನೂ ಪದ್ಧತಿ ಪ್ರಕಾರವೇ ಹೇಳುತ್ತಾನೆ.

ಮುಂದಿನ ತಿಂಗಳು, ಸಂಬಳದ ಬಿಲ್ಲು ಆಗುವ ಮೊದಲು, ಕಾಲೇಜಿಗೆ ರಜೆಯಿದ್ದ ಒಂದು ದಿನ, ಚಾಚಿಯ ಅರ್ಜಿಯ ಚೌಕಶಿಗೆ, ಅಂದರೆ ವಿಚಾರಣೆಗೆ, ಊರ ಲೆಕ್ಕಪತ್ರ ನೋಡುವ ತಲಾಟಿ ಬಂದರು. ಹೊರಗೆ ಮೆಣಸಿನಕಾಯಿಯ ಗಾಡಿಗಳು ಹೋಗುತ್ತಿದ್ದವು. ಆತ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಚಾಚಿಯ ಕೋಣೆಯನ್ನು ನೋಡಿದರು. ಕೊಡ ಎಷ್ಟು, ಕೋಳಿ ಎಷ್ಟು, ಮಕ್ಕಳು ಇದ್ದಾರೋ, ದುಡ್ಡು ಕಳಿಸುತ್ತಾರೋ ಎಲ್ಲ ಕೇಳಿದರು. ಸಾಕ್ಷಿಗೆ ನನ್ನನ್ನು ಕರೆದು ಕೂರಿಸಿದ್ದರು. ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

"ಕಾಗದ ಪತ್ರ ಏನೇನ್ ಅದಾವ ತರ್ರಿ" ಎಂದರು ತಲಾಟಿ. ಚಾಚಿ ಟ್ರಂಕು ತೆಗೆದಳು. ರೇಷನ್ ಕಾರ್ಡು ಬಂತು, ಗಂಡನ ಮರಣದ ದಾಖಲೆ ಬಂತು. ಅದರ ಹಿಂದೆಯೇ, ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ನನ್ನ ಪಾವತಿ ಬಂತು. ಸ್ಟ್ಯಾಂಪು ಹಚ್ಚಿದ ಕಾಗದವೆಂದು ಅವಳು ಅದನ್ನು ಎಲ್ಲಕ್ಕಿಂತ ಜೋಪಾನ ಮಾಡಿದ್ದಳು.

ತಲಾಟಿ ಓದಿ ಸೀನುವುದನ್ನೇ ನಿಲ್ಲಿಸಿದರು. "ತಿಂಗಳಾ ಆರನೂರು ಬಾಡಿಗಿ ಬರತೈತಿ, ಮ್ಯಾಲೆ ಕೂಲಿ ಬ್ಯಾರೆ! ನಿಮಗ ವಿಧವಾ ಪಗಾರ ಹೆಂಗ ಬರೀಲಿ ಬೇ?"

"ಎಲ್ಲಿ ಆರನೂರ್ರಿ? ಇನ್ನೂರಾ ಐವತ್ತು."

"ಹೆಬ್ಬಟ್ಟು ನಿಮ್ಮದ ಐತಲ್ಲ?"

ಚಾಚಿ ಕಾಗದವನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹೆಬ್ಬಟ್ಟು ನಂದ ಐತ್ರಿ. ಮಾಸ್ತರ ಬರದಾರ ಅಂದ್ರ ಖರೇನ ಇರಬೇಕು" ಎಂದಳು.

ಆ ಕ್ಷಣದಷ್ಟು ನಾಚಿಕೆ ನನಗೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ. ಆರು ತಿಂಗಳು ಯಾವುದಕ್ಕಾಗಿ ಅಲೆದಿದ್ದಳೋ ಅದನ್ನೇ ಅವಳು ನನ್ನ ಮಾತಿನ ಮೇಲಿನ ನಂಬಿಕೆಗೆ ಬಿಟ್ಟುಕೊಡಲು ಕುಳಿತಿದ್ದಳು. "ಇಲ್ರಿ ಸಾಹೇಬ್ರ, ತಪ್ಪು ನಂದು" ಎಂದು ಒದರಿಬಿಟ್ಟೆ. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಸುಗ್ಗಿಯಾದ್ದರಿಂದ ಯಾರೂ ಅದಕ್ಕೆ ವಿಶೇಷ ಅರ್ಥ ಹಚ್ಚಲಿಲ್ಲ. "ಹಂಗಾರ ಖರೇ ಬಾಡಿಗಿ ಎಷ್ಟಂತ ನಿಮ್ಮ ಕೈಯಾಗ ಬರಕೊಡ್ರಿ ಸರ" ಎಂದರು ತಲಾಟಿ. ಬರೆದುಕೊಟ್ಟೆ. ಈ ಸಲ ಕಾರ್ಬನ್ ಇಡಲಿಲ್ಲ.

ಮರುದಿನ ಹಿರೇಮಠರಿಂದ ಪಾವತಿ ವಾಪಸು ಕೇಳಿದೆ. "ತಾವಾಗೇ ಬಂದು ತೆರಿಗಿ ಕಡೀರಿ ಅಂದೋರನ್ನ ಇವತ್ತ ನೋಡಿದ್ನಿ" ಎಂದು ಅವರು ಎದ್ದು ನಿಂತರು. ನಾನು ಅವರ ಆ ಭ್ರಮೆಯನ್ನು ತಿದ್ದಲು ಹೋಗಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ ಒಂದು ಯೋಚನೆ ಬೆನ್ನು ಹತ್ತಿತು. ಸರಕಾರದಿಂದ ಒಂದಿಷ್ಟು ಪಡೆಯಲು ಚಾಚಿ ತನ್ನ ಕೋಳಿಯ ಲೆಕ್ಕ ಒಪ್ಪಿಸಬೇಕಾಯಿತು. ನನಗೆ ಬೇಕಾಗಿದ್ದು ಇಪ್ಪತ್ತು ಪೈಸೆಯ ಸ್ಟ್ಯಾಂಪು ಮತ್ತು ಹಿರೇಮಠರ ಕನ್ನಡಕ ಮಾತ್ರ. ನಮ್ಮ ಮನೆಯ ಕೊಡ ಎಣಿಸಲು ಯಾರೂ ಬರುತ್ತಿರಲಿಲ್ಲ. ಅವಳದಕ್ಕೆ ಸಹಾಯ ಎಂದು ಹೆಸರು, ನನ್ನದಕ್ಕೆ ಹಕ್ಕು. ಇದನ್ನು ಮರುದಿನ ಪಾಠದಲ್ಲಿ ಹೇಳಬೇಕೆಂದುಕೊಂಡೆ. ಹೇಳಲಿಲ್ಲ, ಪಠ್ಯಕ್ರಮದಲ್ಲಿ ಇರಲಿಲ್ಲ.

ಬೇಸಿಗೆಯಲ್ಲಿ ಚಾಚಿಗೆ ಮೊದಲ ಮನಿಯಾರ್ಡರ್ ಬಂತು. ನಮ್ಮ ಮನೆಗೆ ಸಕ್ಕರೆ ತಂದುಕೊಟ್ಟಳು. ಅಂದಿನಿಂದ ಪ್ರತಿ ತಿಂಗಳೂ ಪೋಸ್ಟ್‌ಮನ್ ಹೋದ ಮೇಲೆ ಓಣಿಗೆಲ್ಲ ಕೇಳುವಂತೆ, "ಮಾಸ್ತರ, ನಂದು ಬಂತ್ರೀ! ನಿಮ್ಮದು ಬಂತೇನ್ರಿ?" ಎಂದು ಕೂಗುತ್ತಿದ್ದಳು. ಮೋಟರ್‌ಸೈಕಲ್ ಮೇಲೆ ಬಂದಿದ್ದ ಷಡ್ಡಕನ ಎದುರಿಗೂ ಒಮ್ಮೆ ಕೇಳಿದಳು. ಇಲ್ಲ ಚಾಚಿ, ನನಗೆ ಸಿಗಲಿಲ್ಲ ಎಂದೆ. ಅವಳಿಗೆ ನಿಜವಾಗಿಯೂ ಕೆಟ್ಟೆನಿಸಿತು. ಹತ್ತಿರ ಬಂದು, "ಚಿಂತಿ ಮಾಡಬ್ಯಾಡ್ರಿ. ಮುಂದಿನ ವರ್ಷ ಚೌಕಶಿಗೆ ಯಾರರ ಬಂದ್ರ ನನ್ನ ಕರೀರಿ. ಮಾಸ್ತರ ಬಾಳ ಬಡವ್ರು ಅದಾರ ಅಂತ ನಾನ ಹೆಬ್ಬಟ್ಟು ಒತ್ತತೇನಿ" ಎಂದಳು. ಮುಂದಿನ ಜನವರಿಯಲ್ಲಿ ಹಿರೇಮಠರು ಫಾರ್ಮು ಕೊಟ್ಟಾಗ, ಅವಳ ಆ ಹೆಬ್ಬೆಟ್ಟಿನ ಮಾತು ಎರಡು ದಿನ ಆಸೆ ಹುಟ್ಟಿಸುತ್ತ ನನ್ನ ತಲೆಯಲ್ಲಿ ಸುಳಿದಾಡಿತು ಎಂಬುದನ್ನು ನಿಮ್ಮ ಮುಂದಷ್ಟೇ ಒಪ್ಪಿಕೊಳ್ಳುತ್ತಿದ್ದೇನೆ.